ಕಡಲಡಿಯ ಕೂಡುದಾರಿ

2024ರ ಕೊನೆಯಲ್ಲಿ ಸಮುದ್ರತಳದ ಒಂದು ಕೇಬಲ್ಲು ಬಹುಮಟ್ಟಿಗೆ ಸೇವೆಯಿಂದ ನಿವೃತ್ತಿ ಹೊಂದಿತು. ಅದರ ಹೆಸರು ಸೀ-ಮೀ-ವೀ 3. ಆಗ್ನೇಯ ಏಷ್ಯ, ಮಧ್ಯಪ್ರಾಚ್ಯ, ಪಶ್ಚಿಮ ಯುರೋಪು ಎಂಬ ಮೂರು ಪ್ರದೇಶಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಇಟ್ಟ ಹೆಸರದು. ಜರ್ಮನಿಯ ನಾರ್ಡನ್ ಪಟ್ಟಣದಲ್ಲಿ ಅದರ ಒಂದು ತುದಿ. ದಕ್ಷಿಣ ಕೊರಿಯದ ಕೊಜೆ, ಜಪಾನಿನ ಓಕಿನಾವ, ಆಸ್ಟ್ರೇಲಿಯದ ಪರ್ತ್ ಇವು ಇತ್ತಲಿನ ತುದಿಗಳು. ಒಟ್ಟು ಉದ್ದ ಸುಮಾರು 39,000 ಕಿಲೋಮೀಟರು. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರು ಎಂಬುದನ್ನು ನೆನೆದರೆ ಆ ಉದ್ದದ ಅಂದಾಜು ಸಿಕ್ಕೀತು. 33 ದೇಶ-ಪ್ರದೇಶಗಳ 39 ಸ್ಥಳಗಳಲ್ಲಿ ಅದು ದಡ ಮುಟ್ಟುತ್ತಿತ್ತು. ನಮ್ಮ ದೇಶದಲ್ಲಿ ಮುಂಬಯಿ ಮತ್ತು ಕೊಚ್ಚಿ ಅದರ ನಿಲ್ದಾಣಗಳಾಗಿದ್ದವು. 1999ರಲ್ಲಿ ಕೆಲಸಕ್ಕೆ ತೊಡಗಿದ ಈ ಕೇಬಲ್ಲು ಕಾಲು ಶತಮಾನ ದುಡಿದು, ಹಾರ ತುರಾಯಿಗಳ ಗದ್ದಲವಿಲ್ಲದೆ ಸುಮ್ಮನಾಯಿತು.

ಈ ಸುದ್ದಿ ನಮ್ಮ ಓದುಗರಿಗೆ ಸಂಬಂಧಿಸಿದುದಲ್ಲವೆಂದು ಮೇಲುನೋಟಕ್ಕೆ ತೋರಬಹುದು. ನಸುಕಿನಲ್ಲೆದ್ದು ಹೋಟೆಲಿನ ಒಲೆ ಹೊತ್ತಿಸುವವರಿಗೂ ದಿನವಿಡೀ ಕಚೇರಿಯ ಲೆಕ್ಕಪತ್ರಗಳ ಮುಂದೆ ಕುಳಿತಿರುವವರಿಗೂ ಕಡಲಡಿಯ ತಂತಿಯಿಂದ ಆಗಬೇಕಾದುದೇನು ಎಂದು ಕೇಳಬಹುದು. ಆದರೆ ದೂರದ ಮಾತಿಗೆ ಎಷ್ಟು ಬೆಲೆಯೆಂಬುದನ್ನು ಊರು ಬಿಟ್ಟು ಬಂದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರೆದ ಕಾರ್ಡಿಗೆ ಉತ್ತರ ಬರುವವರೆಗೆ ಹದಿನೈದು ದಿನ ಕಾದವರು, ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತವರು, ಅನಂತರದ ಕಾಲದಲ್ಲಿ ಎಸ್‌ಟಿಡಿ ಬೂತಿನ ಮೀಟರಿನಲ್ಲಿ ಏರುತ್ತಿದ್ದ ಕೆಂಪಂಕಿಗಳನ್ನು ನೋಡುತ್ತ ತಾಯಿಯೊಡನೆ ಅವಸರವಸರವಾಗಿ ಮಾತು ಮುಗಿಸಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಒಬ್ಬ ಮಗ ಮುಂಬಯಿಯಲ್ಲಿದ್ದರೆ ಇನ್ನೊಬ್ಬನು ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವುದು ಅಪರೂಪವಲ್ಲ. ಜೆಡ್ಡಾ, ಮಸ್ಕತ್, ಫುಜೈರಾ, ಮುಂಬಯಿ ಈ ನಾಲ್ಕನ್ನೂ ಒಂದೇ ಸರದಲ್ಲಿ ಪೋಣಿಸಿದ್ದ ಕೇಬಲ್ಲು ಇದು. ಆದುದರಿಂದ ಇದರ ನಿವೃತ್ತಿಯ ಕುರಿತು ನಾಲ್ಕು ಮಾತು ಆಡುವುದು ಅಪ್ರಸ್ತುತವಲ್ಲವೆಂದು ಭಾವಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೇಬಲ್ಲು ನಿವೃತ್ತವಾದುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಹಳೆಯದು ಹೋಗಿ ಹೊಸದು ಬರುವುದು ಲೋಕದ ನಿಯಮ. ಆದರೆ ಹಲವು ದೇಶಗಳು ಹಣ ಕೂಡಿಸಿ, ಎಲ್ಲರಿಗೂ ಸೇರಿದ ಒಂದು ದಾರಿಯನ್ನು ಕಡಲಡಿಯಲ್ಲಿ ಕಟ್ಟಿ, ಕೂಡಿಯೇ ಕಾಪಾಡಿಕೊಂಡು ಬಂದ ಪದ್ಧತಿಯೂ ಅದರೊಂದಿಗೆ ಕಡಲಪಾಲಾಗಬಾರದು. ಆ ಅಪಾಯ ಈಗ ಕಾಣಿಸಿಕೊಂಡಿದೆ.

ಗಾಜಿನ ಎಳೆ, ಬೆಳಕಿನ ಮಾತು

ವಿದೇಶದೊಡನೆ ಆಡುವ ಮಾತು ಉಪಗ್ರಹದ ಮೂಲಕ ಆಕಾಶಮಾರ್ಗದಲ್ಲಿ ಹೋಗುತ್ತದೆಂದು ತಿಳಿದವರು ಬಹಳ. ಹಿಂದೆ ಅದು ಬಹುಪಾಲು ನಿಜವಾಗಿತ್ತು. 1971ರಲ್ಲಿ ಪುಣೆಯ ಸಮೀಪದ ಆರ್ವಿಯಲ್ಲಿ ಸ್ಥಾಪನೆಯಾದ ಭೂಕೇಂದ್ರವು ಆ ಕೆಲಸಕ್ಕಾಗಿಯೇ ಆದುದು. ಈಗ ಹಾಗಲ್ಲ. ದೇಶದಿಂದ ದೇಶಕ್ಕೆ ಸಾಗುವ ಮಾತು, ಬರಹ, ಚಿತ್ರಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕ ಪಾಲು ಕಡಲಡಿಯ ಕೇಬಲ್ಲುಗಳಲ್ಲೇ ಹಾಯುತ್ತದೆ.

ಆಳಸಮುದ್ರದಲ್ಲಿ ಈ ಕೇಬಲ್ಲು ಮನುಷ್ಯನ ಹೆಬ್ಬೆರಳಿಗಿಂತ ದಪ್ಪವಿರುವುದಿಲ್ಲ. ದಡದ ಸಮೀಪದಲ್ಲಿ ಹಡಗಿನ ಲಂಗರು, ಮೀನುಬಲೆಗಳ ಪೆಟ್ಟು ತಾಕದಂತೆ ಉಕ್ಕಿನ ತಂತಿಗಳ ಕವಚವನ್ನು ತೊಡಿಸುವರು. ಒಳಗೆ ಇರುವುದು ತಲೆಗೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳು. ಮಾತು ಬೆಳಕಿನ ಮಿಣುಕಾಗಿ ಮಾರ್ಪಟ್ಟು ಆ ಎಳೆಗಳಲ್ಲಿ ಓಡುವುದು. ದೂರ ಹೋದಂತೆ ಬೆಳಕು ಸೊರಗುವುದರಿಂದ ಕೆಲವು ಹತ್ತು ಕಿಲೋಮೀಟರುಗಳಿಗೊಂದರಂತೆ ಅದನ್ನು ಬಲಪಡಿಸುವ ಯಂತ್ರಗಳನ್ನು ಕೇಬಲ್ಲಿನಲ್ಲೇ ಕೂಡಿಸಿರುವರು. ಅವಕ್ಕೆ ಬೇಕಾದ ವಿದ್ಯುತ್ತನ್ನು ಎರಡೂ ದಡಗಳ ನಿಲ್ದಾಣಗಳಿಂದ ಸಾವಿರಾರು ವೋಲ್ಟುಗಳ ಒತ್ತಡದಲ್ಲಿ ಕಳುಹಿಸುವರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಅದರಲ್ಲಿ ಬೆಳಕು ಬಹುದೂರ ಸಾಗಬಲ್ಲದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ವಿದ್ಯೆಯ ವೇಗ ಆಶ್ಚರ್ಯಕರವಾದುದು. 1956ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ಟೆಲಿಫೋನ್ ಕೇಬಲ್ಲಿನಲ್ಲಿ ಆರಂಭಕ್ಕೆ ಏಕಕಾಲಕ್ಕೆ 36 ಸಂಭಾಷಣೆಗಳು ನಡೆಯಬಹುದಾಗಿತ್ತು. 1988ರ ಡಿಸೆಂಬರಿನಲ್ಲಿ ಅದೇ ಸಾಗರದಲ್ಲಿ ಬ್ರಿಟನ್ ದ್ವೀಪವನ್ನೂ ಫ್ರಾನ್ಸನ್ನೂ ಅಮೆರಿಕದೊಡನೆ ಕೂಡಿಸಿದ ಟ್ಯಾಟ್ 8 ಎಂಬ ಮೊದಲ ಗಾಜಿನೆಳೆಯ ಕೇಬಲ್ಲಿಗೆ ಸುಮಾರು 40,000 ಸಂಭಾಷಣೆಗಳನ್ನು ಹೊರುವ ಶಕ್ತಿಯಿದ್ದಿತು. ಅದು ಕೂಡ 2002ರಲ್ಲಿ, ಕೇವಲ ಹದಿನಾಲ್ಕು ವರ್ಷಗಳಲ್ಲಿ, ನಿವೃತ್ತವಾಯಿತು. ನಮ್ಮ ಮುಂಬಯಿಗೆ 1994ರಲ್ಲಿ ಬಂದ ಸೀ-ಮೀ-ವೀ 2 ಎಂಬ ಕೇಬಲ್ಲು ಸಿಂಗಪುರ, ಇಂಡೊನೇಷ್ಯ, ಸಿಂಹಳ, ಸೈಪ್ರಸ್ ದ್ವೀಪಗಳನ್ನು ಭಾರತ, ಈಜಿಪ್ಟ್, ಫ್ರಾನ್ಸ್ ಮುಂತಾದ ನೆಲದ ದೇಶಗಳೊಡನೆ ಕೂಡಿಸಿತ್ತು. ಅದರ ಬಾಳೂ 2006ಕ್ಕೆ ಮುಗಿಯಿತು. ಇವುಗಳೊಡನೆ ಹೋಲಿಸಿದರೆ ಮೂರನೆಯದು ದೀರ್ಘಾಯುವೆಂದೇ ಹೇಳಬೇಕು.

ಸವೆದು ಹೋದುದಲ್ಲ

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಇಂಥ ಕೇಬಲ್ಲುಗಳು ಸಾಮಾನ್ಯವಾಗಿ ಮುರಿದು ನಿವೃತ್ತವಾಗುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಸೋತು ನಿವೃತ್ತವಾಗುತ್ತವೆ. ಕಟ್ಟುವವರು ಅವಕ್ಕೆ ಇಪ್ಪತ್ತೈದು ವರ್ಷಗಳ ಆಯುಸ್ಸನ್ನು ಗೊತ್ತುಪಡಿಸಿರುತ್ತಾರೆ. ಆದರೆ ಕೇಬಲ್ಲು ತುಂಡಾದಾಗ ಜೋಡಿಸುವ ಹಡಗುಗಳನ್ನು ವರ್ಷವಿಡೀ ಸಿದ್ಧವಾಗಿ ಇಟ್ಟಿರಬೇಕು, ಅದಕ್ಕೆ ವಾರ್ಷಿಕ ಹಣ ತೆರಬೇಕು. ದಡದ ನಿಲ್ದಾಣಗಳಿಗೆ ವಿದ್ಯುತ್ತು, ಸಿಬ್ಬಂದಿ ಬೇಕು. ಹಳೆಯ ಕೇಬಲ್ಲಾದರೂ ಹೊಸ ಕೇಬಲ್ಲಾದರೂ ಈ ಖರ್ಚು ಹೆಚ್ಚು ಕಡಿಮೆ ಒಂದೇ. ಹೊಸದು ಹೊರುವ ಭಾರವಾದರೋ ಹಳೆಯದರ ಸಾವಿರಾರು ಪಟ್ಟು. 1994ರ ಕೇಬಲ್ಲು ಒಂದು ಜೊತೆ ಎಳೆಗಳಲ್ಲಿ ಸೆಕೆಂಡಿಗೆ 56 ಕೋಟಿ ಬಿಟ್ಟುಗಳನ್ನು ಸಾಗಿಸುತ್ತಿತ್ತು. ಅದೇ ವಂಶದ ಆರನೆಯದರ ಯೋಜಿತ ಸಾಮರ್ಥ್ಯ ಸೆಕೆಂಡಿಗೆ 100 ಲಕ್ಷ ಕೋಟಿ ಬಿಟ್ಟುಗಳಿಗೂ ಮೀರಿದ್ದು. ಹೀಗಿರಲು ಹಳೆಯದು ಆರೋಗ್ಯವಾಗಿದ್ದರೂ ಅದನ್ನು ಸಾಕುವುದು ಯಾವ ಸಂಸ್ಥೆಗೂ ಕಟ್ಟುವುದಿಲ್ಲ.

ಇದನ್ನು ಅನ್ಯಾಯವೆಂದು ನಾವು ಹೇಳುವುದಿಲ್ಲ. ಕೇಬಲ್ಲು ಮನುಷ್ಯನಲ್ಲ, ಅದಕ್ಕೆ ಪಿಂಚಣಿ ಬೇಕಾಗಿಲ್ಲ. ಆದರೆ ಅದು ಯಾರ ಸ್ವತ್ತಾಗಿತ್ತು, ಅದರ ಸ್ಥಾನಕ್ಕೆ ಬರುವುದು ಯಾರ ಸ್ವತ್ತು ಎಂಬ ಪ್ರಶ್ನೆ ಮನುಷ್ಯರಿಗೆ ಸಂಬಂಧಿಸಿದುದು.

ಯಾರ ಸ್ವತ್ತಾಗಿತ್ತು?

ಸೀ-ಮೀ-ವೀ 3 ಒಬ್ಬ ಯಜಮಾನನ ಸ್ವತ್ತಾಗಿರಲಿಲ್ಲ. ತೊಂಬತ್ತಕ್ಕೂ ಮಿಕ್ಕ ಟೆಲಿಫೋನ್ ಸಂಸ್ಥೆಗಳು ಅದರ ಪಾಲುದಾರರಾಗಿದ್ದವು. ಫ್ರಾನ್ಸ್ ಮತ್ತು ಚೀನದ ಸಂಸ್ಥೆಗಳು ಮುಂದಾಳುಗಳಾಗಿ, ಸಿಂಗಪುರದ ಸಂಸ್ಥೆ ಆಡಳಿತವನ್ನು ನೋಡಿಕೊಳ್ಳುತ್ತಿತ್ತು. ಭಾರತದ ಪರವಾಗಿ ವಿದೇಶ ಸಂಚಾರ ನಿಗಮವು ಪಾಲು ಹಾಕಿತ್ತು. 1947ರ ಜನವರಿ 1ರಂದು ಖಾಸಗಿ ಕಂಪನಿಯಿಂದ ಸರಕಾರದ ವಶಕ್ಕೆ ಬಂದ ಸಾಗರೋತ್ತರ ಸಂಪರ್ಕ ಇಲಾಖೆಯೇ 1986ರಲ್ಲಿ ಈ ನಿಗಮವಾಗಿ ರೂಪುಗೊಂಡುದು. ಪಾಲು ಹಾಕಿದಾಗ ಅದು ಇನ್ನೂ ಸರಕಾರದ ಸಂಸ್ಥೆಯಾಗಿದ್ದಿತು. 2002ರಲ್ಲಿ ಅದರ ಆಡಳಿತ ಟಾಟಾ ಸಮೂಹದ ಕೈಗೆ ಹೋಯಿತು.

ಇಂಥ ಕೂಟದ ರೀತಿ ನಮ್ಮವರಿಗೆ ಹೊಸದಲ್ಲ. ನಾಲ್ಕಾರು ಜನ ಕೂಡಿ ಒಂದು ಖೋಲಿ ಹಿಡಿದು, ಬಾಡಿಗೆಯನ್ನು ತಲೆಗಿಷ್ಟೆಂದು ಹಂಚಿಕೊಂಡು, ಅಡಿಗೆಗೆ ಸರದಿ ಗೊತ್ತುಮಾಡಿಕೊಂಡು ಬಾಳಿದವರು ನಾವು. ತಿಂಗಳಿಗಿಷ್ಟೆಂದು ಚೀಟಿ ಕಟ್ಟಿದವರು, ವಂತಿಗೆ ಎತ್ತಿ ರಾತ್ರಿಶಾಲೆಗಳನ್ನು ನಡೆಸಿದವರು ನಾವು. ಒಬ್ಬನ ಕೈಯಲ್ಲಾಗದ ಕೆಲಸವನ್ನು ಹತ್ತು ಮಂದಿ ಕೂಡಿ ಸಾಧಿಸುವ ಆ ಕ್ರಮವೇ ಕಡಲಡಿಯಲ್ಲೂ ನಡೆಯಿತು. ಹಾಕಿದ ಹಣಕ್ಕೆ ತಕ್ಕಂತೆ ಸಾಗಣೆಯ ಪಾಲು. ಖರ್ಚಿನಲ್ಲೂ ಅದೇ ಪ್ರಮಾಣ. ದಡದ ನಿಲ್ದಾಣವನ್ನು ಕಟ್ಟಿ ನಡೆಸುವುದು ಆಯಾ ದೇಶದವರ ಹೊಣೆ. ಮುಖ್ಯ ವಿಷಯಗಳ ತೀರ್ಮಾನ ಪಾಲುದಾರರ ಸಭೆಯಲ್ಲಿ.

ಈ ಪಂಕ್ತಿಯಲ್ಲಿ ಯಾರ ಮಗ್ಗುಲಲ್ಲಿ ಯಾರು ಕುಳಿತಿದ್ದರೆಂಬುದನ್ನು ನೋಡಬೇಕು. ಕರಾಚಿಯ ಮುಂದಿನ ನಿಲ್ದಾಣ ಮುಂಬಯಿ. ಕಾರ್ಗಿಲ್ ಕಾಳಗ ನಡೆದ ವರ್ಷವೇ ಈ ಕೇಬಲ್ಲು ಕೆಲಸಕ್ಕೆ ತೊಡಗಿತೆಂಬುದನ್ನು ಮರೆಯಲಾಗದು. ಗ್ರೀಸ್, ಟರ್ಕಿ, ಅವುಗಳ ಕಲಹಕ್ಕೆ ಕಾರಣವಾದ ಸೈಪ್ರಸ್ ಮೂರೂ ಇದರಲ್ಲಿದ್ದವು. ಚೀನವೂ ಇತ್ತು, ತೈವಾನವೂ ಇತ್ತು. ಬ್ರೂನೈ, ಜಿಬೂಟಿಗಳಂಥ ಪುಟ್ಟ ನಾಡುಗಳು ಜರ್ಮನಿ, ಬ್ರಿಟನ್‌ಗಳಂಥ ದೊಡ್ಡ ರಾಜ್ಯಗಳ ಸಾಲಿನಲ್ಲೇ ಕುಳಿತವು. ಗಡಿಯಲ್ಲಿ ತುಪಾಕಿ ಹಿಡಿದು ನಿಂತವರು ಕಡಲಡಿಯಲ್ಲಿ ಪಾಲುಗಾರಿಕೆ ನಡೆಸಿದರು. ತಂತಿ ತುಂಡಾದರೆ ನಷ್ಟ ಎಲ್ಲರದೂ ಆಗಿದ್ದುದರಿಂದ ದುರಸ್ತಿಯ ಕಾಳಜಿಯೂ ಎಲ್ಲರದಾಗಿತ್ತು. 2005ರ ಜೂನ್ ತಿಂಗಳ ಕೊನೆಗೆ ಕರಾಚಿಯ ದಕ್ಷಿಣಕ್ಕೆ ಸಮುದ್ರದಲ್ಲಿ ಈ ಕೇಬಲ್ಲು ಕೆಟ್ಟಾಗ ಪಾಕಿಸ್ತಾನದ ಹೊರಸಂಪರ್ಕ ಹಲವು ದಿನಗಳ ಕಾಲ ಬಹುತೇಕ ಕಡಿದುಹೋಯಿತು. 2006ರ ಡಿಸೆಂಬರ್ 26ರಂದು ತೈವಾನಿನ ದಕ್ಷಿಣದಲ್ಲಿ ಭೂಕಂಪವಾಗಿ ಇದೂ ಸೇರಿದಂತೆ ಹಲವು ಕೇಬಲ್ಲುಗಳು ತುಂಡಾದಾಗ ದುರಸ್ತಿಗೆ ವಾರಗಟ್ಟಲೆ ಹಿಡಿಯಿತು. ಆ ಎಲ್ಲ ಪೆಟ್ಟುಗಳನ್ನೂ ಸಹಿಸಿಕೊಂಡು ಕೂಟವು ತನ್ನ ದಾರಿಯನ್ನು ಇಪ್ಪತ್ತೈದು ವರ್ಷ ಕಾಪಾಡಿತು.

ಹಿಂದಿನ ಪಾಠ

ಕಡಲಡಿಯ ದಾರಿ ಮೊದಲಿನಿಂದಲೂ ಹೀಗೆ ಎಲ್ಲರದಾಗಿರಲಿಲ್ಲ. 1870ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಬೃಹತ್ ಹಡಗು ಮುಂಬಯಿಯಿಂದ ಹೊರಟು ಏಡನ್ನಿನವರೆಗೆ ತಂತಿ ಇಳಿಸಿತು. ಅದೇ ವರ್ಷ ಲಂಡನ್ನಿಗೂ ಮುಂಬಯಿಗೂ ಸಮುದ್ರಮಾರ್ಗದ ತಂತಿಸಂಪರ್ಕ ಕೂಡಿಬಂದಿತು. ಆ ತಂತಿ ಜಾನ್ ಪೆಂಡರ್ ಎಂಬ ವ್ಯಾಪಾರಿಯ ಕಂಪನಿಗೆ ಸೇರಿದ್ದು. ಅವನ ಕಂಪನಿಗಳ ಬಲೆ ಬಹುಬೇಗ ಪೂರ್ವದೇಶಗಳನ್ನೆಲ್ಲ ವ್ಯಾಪಿಸಿತು. ಒಂದೊಂದು ಶಬ್ದಕ್ಕೂ ಇಷ್ಟೆಂದು ದರ. ದೊಡ್ಡ ವರ್ತಕರು, ಸರಕಾರ, ಪತ್ರಿಕೆಗಳು ಬಿಟ್ಟರೆ ಜನಸಾಮಾನ್ಯರ ಕೈಗೆ ಎಟುಕುವ ಮಾತೇ ಅದಾಗಿರಲಿಲ್ಲ.

ಇದಕ್ಕೆ ಎದುರಾಗಿ ಕೆನಡದ ಸ್ಯಾನ್‌ಫರ್ಡ್ ಫ್ಲೆಮಿಂಗ್ ಎಂಬ ಇಂಜಿನಿಯರನು ವರ್ಷಗಟ್ಟಲೆ ವಾದಿಸಿ, ಪೆಸಿಫಿಕ್ ಸಾಗರದಲ್ಲಿ ಸಾರ್ವಜನಿಕ ಸ್ವತ್ತಾದ ಒಂದು ತಂತಿ ಬೇಕೆಂದನು. ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸರಕಾರಗಳು ಹಣ ಕೂಡಿಸಿದವು. 1902ರಲ್ಲಿ ವ್ಯಾಂಕೂವರ್ ದ್ವೀಪದಿಂದ ಫ್ಯಾನಿಂಗ್, ಫಿಜಿ, ನಾರ್ಫೋಕ್ ದ್ವೀಪಗಳ ಮೂಲಕ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಆ ತಂತಿ ತಲಪಿತು. ಹಳೆಯ ಕಂಪನಿಯ ದರಗಳೂ ಇಳಿದವು. ಅದು ಸಾಮ್ರಾಜ್ಯದ ಯಜಮಾನರ ಕೂಟವಾಗಿತ್ತೆಂಬುದನ್ನು ನಾವು ಬಲ್ಲೆವು; ಅದರಲ್ಲಿ ನಮ್ಮಂಥವರಿಗೆ ಸ್ಥಾನವಿರಲಿಲ್ಲ. ಆದರೂ ಒಂದು ಪಾಠ ಸಿದ್ಧವಾಯಿತು: ದಾರಿಯಲ್ಲಿ ಜನರಿಗೊಂದು ಪಾಲಿದ್ದರೆ ಸುಂಕಕಟ್ಟೆಯವನು ಅಂಕೆಯಲ್ಲಿರುತ್ತಾನೆ.

ಎದುರುವಾದ

ನಮ್ಮ ಮಾತಿಗೆ ಎದುರುವಾದವಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತನವಲ್ಲ. ಕೂಟದ ಕಾಲದಲ್ಲಿ ವಿದೇಶದ ಮಾತು ಅಗ್ಗವಾಗಿತ್ತೇ ಎಂದು ಯಾರಾದರೂ ಕೇಳಬಹುದು. ಇರಲಿಲ್ಲ. 1990ರ ದಶಕದಲ್ಲಿ ಕೊಲ್ಲಿಯಿಂದ ಬಂದ ಫೋನು ಮನೆಯವರನ್ನೆಲ್ಲ ಓಡೋಡಿ ಕೂಡಿಸುವಷ್ಟು ದುಬಾರಿ ವಸ್ತುವಾಗಿತ್ತು. ಕೇಬಲ್ಲು ಹಲವರದಾಗಿದ್ದರೂ ಅದರ ಬಾಗಿಲು ಪ್ರತಿ ದೇಶದಲ್ಲೂ ಒಬ್ಬರ ಕೈಯಲ್ಲಿದ್ದುದೇ ಇದರ ಕಾರಣ. ನಮ್ಮಲ್ಲಿ ವಿದೇಶ ಸಂಚಾರ ನಿಗಮದ ಏಕಸ್ವಾಮ್ಯ 2002ರ ಮಾರ್ಚ್ ಕೊನೆಗೆ ಮುಗಿದು ಇತರರಿಗೂ ಅವಕಾಶ ದೊರೆತ ಮೇಲೆಯೇ ದರಗಳು ಗಣನೀಯವಾಗಿ ಇಳಿದುದು. ಹತ್ತಾರು ಪಾಲುದಾರರು ಕುಳಿತು ನಡೆಸುವ ಸಭೆಗಳು ನಿಧಾನವೆಂಬುದೂ ನಿಜ. ಸಿಂಗಪುರಕ್ಕೂ ಪರ್ತ್‌ಗೂ ನಡುವಣ ಭಾಗವು ಮೇಲಿಂದ ಮೇಲೆ ತುಂಡಾಗಿ ದುರಸ್ತಿಗೆ ಬಹಳ ಕಾಲ ಹಿಡಿಯುತ್ತಿದ್ದುದನ್ನು ಕಂಡು ಬೇಸತ್ತವರಿಗೆ 2018ರಲ್ಲಿ ಖಾಸಗಿ ಸಂಸ್ಥೆಯೊಂದು ಹಾಕಿದ ಹೊಸ ಕೇಬಲ್ಲೇ ಆಸರೆಯಾಯಿತು.

ಇಷ್ಟನ್ನೂ ಒಪ್ಪುತ್ತೇವೆ. ಆದರೆ ಇದರಿಂದ ಸಿದ್ಧವಾಗುವುದೇನು? ಬಾಗಿಲನ್ನು ಒಬ್ಬನ ಕೈಗೆ ಕೊಡಬಾರದೆಂಬುದು ತಾನೆ? ಹಳೆಯ ನಿಗಮದ ಏಕಸ್ವಾಮ್ಯ ತಪ್ಪಾಗಿದ್ದರೆ, ದಾರಿ ಬಾಗಿಲುಗಳೆರಡೂ ಮೂರು ನಾಲ್ಕು ಮಂದಿಯ ಕೈಸೇರುವುದು ಅದಕ್ಕಿಂತ ಹೆಚ್ಚಿನ ತಪ್ಪು.

ಹೊಸ ಯಜಮಾನರು

ಈಗ ನಡೆಯುತ್ತಿರುವುದು ಅದೇ. ಗೂಗಲ್, ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್ ಎಂಬ ಅಮೆರಿಕದ ನಾಲ್ಕು ದೊಡ್ಡ ಕಂಪನಿಗಳೇ ಇಂದು ಕಡಲಡಿಯ ಸಾಗಣೆಯ ಅರ್ಧಕ್ಕೂ ಮಿಕ್ಕ ಭಾಗದ ಬಳಕೆದಾರರು. ಬಾಡಿಗೆಗೆ ಇದ್ದವರು ಮನೆ ಕಟ್ಟಿಕೊಳ್ಳುವಂತೆ ಅವು ಸ್ವಂತ ಕೇಬಲ್ಲುಗಳನ್ನು ಹಾಕಿಕೊಳ್ಳಲಾರಂಭಿಸಿವೆ. ಅಮೆರಿಕದಿಂದ ಚಿಲಿಗೆ ಹಾಕಿದ ಕ್ಯೂರಿ, ಅಮೆರಿಕದಿಂದ ಫ್ರಾನ್ಸಿಗೆ ಹಾಕಿದ ಡುನಾನ್ ಎಂಬ ಕೇಬಲ್ಲುಗಳು ಗೂಗಲ್ ಒಂದರವೇ. ಮೆಟಾ ಮುಂದಾಗಿ ಇತರರನ್ನು ಕೂಡಿಸಿಕೊಂಡು ಆಫ್ರಿಕ ಖಂಡವನ್ನು ಸುತ್ತಿಸಿರುವ 2ಆಫ್ರಿಕ ಎಂಬುದು ಸುಮಾರು 45,000 ಕಿಲೋಮೀಟರು ಉದ್ದವಾಗಿ, ಉದ್ದದಲ್ಲಿ ಸೀ-ಮೀ-ವೀ 3ರ ದಾಖಲೆಯನ್ನು ಮೀರಿತು. 2025ರ ಫೆಬ್ರವರಿಯಲ್ಲಿ ಅದೇ ಮೆಟಾ 50,000 ಕಿಲೋಮೀಟರಿಗೂ ಉದ್ದವಾದ ಇನ್ನೊಂದನ್ನು ಸಾರಿತು. ಅಮೆರಿಕ, ಬ್ರೆಜಿಲ್, ದಕ್ಷಿಣ ಆಫ್ರಿಕ, ಭಾರತಗಳನ್ನು ಮುಟ್ಟುವ ಯೋಜನೆ ಅದು.

ಇವುಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಖೋಲಿಯಲ್ಲಿ ಕುಳಿತು ಊರಿನ ತೊಟ್ಟಿಲಲ್ಲಿರುವ ಮಗುವಿನ ಮುಖವನ್ನು ನೋಡುವ ಭಾಗ್ಯ ಇಂದಿನ ಅಗಲವಾದ ದಾರಿಗಳಿಂದಲೇ ಬಂದುದು. ಕೂಟದ ಪದ್ಧತಿ ಪೂರ್ತಿ ಅಳಿದಿಲ್ಲವೆಂಬುದನ್ನೂ ಹೇಳಬೇಕು. ಮೂರನೆಯದು ನಿವೃತ್ತವಾದ ಸಮಯದಲ್ಲೇ, 2024ರ ಕೊನೆಗೆ, ಅದೇ ವಂಶದ ಆರನೆಯ ಕೇಬಲ್ಲಿನ ತುದಿ ಮುಂಬಯಿಯ ದಡ ಮುಟ್ಟಿತು. ಚೆನ್ನೈಯಲ್ಲೂ ಅದಕ್ಕೆ ನೆಲೆಯಾಯಿತು. ಆದರೆ ಭಾರತದ ಪರವಾಗಿ ಅದರಲ್ಲಿ ಪಾಲು ಹಾಕಿರುವುದು ಭಾರ್ತಿ ಏರ್‌ಟೆಲ್ ಎಂಬ ಖಾಸಗಿ ಸಂಸ್ಥೆ. ಜನರ ಹೆಸರಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು ಕಡಿಮೆಯಾಗುತ್ತಿದ್ದಾರೆ. ಸ್ವಂತ ದಾರಿಯಾದರೆ ಅದು ಎಲ್ಲಿಗೆ ಹೋಗಬೇಕು, ಯಾವ ಊರನ್ನು ಬಿಡಬೇಕು, ಎಂದು ಮುಚ್ಚಬೇಕು ಎಂಬುದನ್ನು ಒಡೆಯನೇ ಗೊತ್ತುಮಾಡುವನು. ಅವನ ದೃಷ್ಟಿ ಸಹಜವಾಗಿಯೇ ಲಾಭದ ಮೇಲೆ.

ದ್ವೀಪಗಳ ಸಾಕ್ಷ್ಯ

ಲಾಭವಿಲ್ಲದ ಕಡೆ ಏನಾಗುವುದೆಂಬುದಕ್ಕೆ ದ್ವೀಪಗಳೇ ಸಾಕ್ಷಿ. ಪೆಸಿಫಿಕ್ ಸಾಗರದ ಟೊಂಗ ಎಂಬ ಪುಟ್ಟ ರಾಜ್ಯಕ್ಕೆ ಫಿಜಿಯಿಂದ ಒಂದೇ ಕೇಬಲ್ಲು ಇತ್ತು. ವಿಶ್ವಬ್ಯಾಂಕು, ಏಷ್ಯ ಅಭಿವೃದ್ಧಿ ಬ್ಯಾಂಕುಗಳ ನೆರವಿನಿಂದ ಅದು 2013ರಲ್ಲಿ ಕೆಲಸಕ್ಕೆ ಬಂದಿತು. 2022ರ ಜನವರಿ 15ರಂದು ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಆ ಕೇಬಲ್ಲು ತುಂಡಾಯಿತು. ಊರು ಬಿಟ್ಟು ನ್ಯೂಜಿಲೆಂಡ್, ಆಸ್ಟ್ರೇಲಿಯಗಳಲ್ಲಿ ದುಡಿಯುತ್ತಿದ್ದ ಟೊಂಗದ ಜನ ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ದಿನಗಟ್ಟಲೆ ತಳಮಳಿಸಿದರು. ಮುಖ್ಯ ದ್ವೀಪದ ಸಂಪರ್ಕ ಸರಿಹೋಗಲು ಐದು ವಾರಗಳು ಹಿಡಿದವು. ಅವರ ಸಂಕಟವನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ದ್ವೀಪಗಳ ಕಥೆಯೂ ಇದನ್ನೇ ಹೇಳುತ್ತದೆ. ಅಂಡಮಾನ್-ನಿಕೋಬಾರ್ ದ್ವೀಪಗಳು ಬಹುಕಾಲ ಉಪಗ್ರಹದ ಕಿರಿದಾರಿಯನ್ನೇ ನಂಬಿಕೊಂಡಿದ್ದವು. ಚೆನ್ನೈಯಿಂದ ಅಲ್ಲಿಗೆ ಸುಮಾರು 2,300 ಕಿಲೋಮೀಟರಿನ ಕೇಬಲ್ಲನ್ನು 1,224 ಕೋಟಿ ರೂಪಾಯಿ ವೆಚ್ಚದಲ್ಲಿ ಹಾಕಿ 2020ರ ಆಗಸ್ಟ್ 10ರಂದು ಉದ್ಘಾಟಿಸಲಾಯಿತು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 1,072 ಕೋಟಿ ರೂಪಾಯಿ ವೆಚ್ಚದ ಕೇಬಲ್ಲು 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಎರಡನ್ನೂ ಮಾಡಿಸಿದುದು ಭಾರತ ಸಂಚಾರ ನಿಗಮ. ಹಣ ಬಂದುದು ಹಿಂದುಳಿದ ಸ್ಥಳಗಳ ಸಂಪರ್ಕಕ್ಕಾಗಿ ಟೆಲಿಫೋನ್ ಕಂಪನಿಗಳಿಂದ ಸರಕಾರ ಎತ್ತುವ ಸಾರ್ವಜನಿಕ ನಿಧಿಯಿಂದ. ಕೆಲವೇ ಲಕ್ಷ ಜನರಿರುವ ದ್ವೀಪಗಳಿಗೆ ಇಷ್ಟು ಹಣ ಸುರಿಯಲು ಯಾವ ವ್ಯಾಪಾರಿ ಮುಂದೆ ಬಂದಾನು? ಹಿಂದಿನ ಕೂಟದಲ್ಲಾದರೆ ದೊಡ್ಡ ದಾರಿ ಹೋಗುತ್ತಿರುವಾಗ ಪಕ್ಕದ ಪುಟ್ಟ ನಾಡೂ ತನ್ನ ಪಾಲು ಹಾಕಿ ಒಂದು ಕವಲು ಪಡೆಯಬಹುದಾಗಿತ್ತು.

ಮಾಡಬೇಕಾದುದೇನು?

ಕೇವಲ ಹಳಹಳಿಸುವುದರಿಂದ ಪ್ರಯೋಜನವಿಲ್ಲ. ಸರಕಾರವೂ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವೂ ಯೋಚಿಸಬೇಕಾದ ಮೂರು ಸಂಗತಿಗಳನ್ನು ಸೂಚಿಸಲು ಇಚ್ಛಿಸುತ್ತೇವೆ.

ಮೊದಲನೆಯದು, ಪಾಲಿನ ವಿಷಯ. ಭಾರತದ ದಡಕ್ಕೆ ಬರುವ ಯಾವ ಕೇಬಲ್ಲೂ ಸರಕಾರದ ಅನುಮತಿಯಿಲ್ಲದೆ ಬರಲಾರದು. ಆ ಅನುಮತಿಯ ಜೊತೆಯಲ್ಲೇ, ಚಿಕ್ಕದಾದರೂ ಸರಿಯೆ, ಒಂದು ಪಾಲು ಸಾರ್ವಜನಿಕ ಸಂಸ್ಥೆಗೆ ಇರಬೇಕೆಂಬ ಷರತ್ತು ಹಾಕುವುದು ಯೋಗ್ಯ. ದಡದ ನಿಲ್ದಾಣಗಳನ್ನು ಇತರ ಕಂಪನಿಗಳಿಗೂ ನ್ಯಾಯವಾದ ದರದಲ್ಲಿ ತೆರೆದಿಡಬೇಕೆಂದು ಪ್ರಾಧಿಕಾರವು 2007ರಲ್ಲೇ ನಿಯಮ ಮಾಡಿದೆ. ಬಾಗಿಲಿಗೆ ಹಾಕಿದ ನ್ಯಾಯವನ್ನು ದಾರಿಗೂ ಅನ್ವಯಿಸಬೇಕು.

ಎರಡನೆಯದು, ಒಂದೇ ಕಡೆ ಗುಂಪುಗೂಡುವ ಅಪಾಯ. 2023ರಲ್ಲಿ ಪ್ರಾಧಿಕಾರವು ಸರಕಾರಕ್ಕೆ ಸಲಹೆ ಕೊಡುವಾಗ ಗುರುತಿಸಿದಂತೆ, ದೇಶಕ್ಕೆ ಬರುವ 17 ವಿದೇಶೀ ಕೇಬಲ್ಲುಗಳಿಗೆ 14 ನಿಲ್ದಾಣಗಳಿದ್ದವು. ಅವೆಲ್ಲವೂ ಇದ್ದುದು ಮುಂಬಯಿ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ ಎಂಬ ಐದೇ ಊರುಗಳಲ್ಲಿ. ಮುಂಬಯಿಯಲ್ಲಿ ಬಹುಪಾಲು ವೆರ್ಸೋವದ ದಡದಲ್ಲೇ ಮೇಲೇರುತ್ತವೆ. ಕಾರವಾರದಿಂದ ಮಂಗಳೂರಿನವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕನ್ನಡ ಕರಾವಳಿಯ ಒಂದು ಊರೂ ಆ ಪಟ್ಟಿಯಲ್ಲಿರಲಿಲ್ಲ. ದಿನವೂ ಹೊರದೇಶಗಳೊಡನೆ ವ್ಯವಹರಿಸುವ ಬೆಂಗಳೂರು ಪರರ ದಡಗಳನ್ನೇ ಆಶ್ರಯಿಸಬೇಕಾಗಿದೆ. ಇದನ್ನು ಪ್ರಾಂತಾಭಿಮಾನದ ಮಾತೆಂದು ತಿಳಿಯಬಾರದು. ಕರಾಚಿಗೆ 2005ರಲ್ಲಿ ಆದುದನ್ನು ಕಂಡವರು ಒಂದೇ ಬಾಗಿಲನ್ನು ನಂಬಲಾರರು.

ಮೂರನೆಯದು, ನಿವೃತ್ತವಾದ ಕೇಬಲ್ಲಿನ ಗತಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ಸತ್ತ ಕೇಬಲ್ಲುಗಳ ಹೆಚ್ಚಿನ ಭಾಗವನ್ನು ಹಾಕಿದಲ್ಲೇ ಬಿಟ್ಟು ಹೋಗುವುದು ಲೋಕದಲ್ಲೆಲ್ಲ ರೂಢಿಯಾಗಿದೆ. 1982ರ ಸಮುದ್ರ ಕಾನೂನಿನ ಒಪ್ಪಂದವು ಕೇಬಲ್ಲು ಹಾಕುವ ಹಕ್ಕನ್ನು ಎಲ್ಲ ದೇಶಗಳಿಗೂ ಕೊಟ್ಟಿದೆ. ಕೆಲಸ ಮುಗಿದ ಮೇಲೆ ಎತ್ತಬೇಕೆಂಬ ಸ್ಪಷ್ಟ ಕಟ್ಟಳೆಯನ್ನು ಮಾಡಿಲ್ಲ. ಇದಕ್ಕಿಂತ ಒಳ್ಳೆಯ ದಾರಿಯುಂಟು. ಕ್ಯಾಲಿಫೋರ್ನಿಯದಿಂದ ಹವಾಯಿ ದ್ವೀಪಕ್ಕೆ 1989ರಲ್ಲಿ ಹಾಕಿದ್ದ ಹಾ 4 ಎಂಬ ಗಾಜಿನೆಳೆಯ ಕೇಬಲ್ಲು ನಿವೃತ್ತವಾದ ಮೇಲೆ ಅದನ್ನು ವಿಜ್ಞಾನಿಗಳಿಗೆ ಒಪ್ಪಿಸಿದರು. ಓಹಾಹು ದ್ವೀಪದ ಉತ್ತರಕ್ಕೆ ನೂರು ಕಿಲೋಮೀಟರಿನಲ್ಲಿ, 4,700 ಮೀಟರಿಗೂ ಆಳದಲ್ಲಿ, ಆ ಕೇಬಲ್ಲಿನ ತುದಿಗೆ ಉಪಕರಣಗಳನ್ನು ಕಟ್ಟಿ 2011ರಲ್ಲಿ ಒಂದು ವೀಕ್ಷಣಾಲಯವನ್ನು ನೆಲೆಗೊಳಿಸಿದರು. ಹಿಂದೆ ಮನುಷ್ಯರ ಮಾತನ್ನು ಹೊತ್ತ ತಂತಿ ಸಮುದ್ರತಳದ ಶಬ್ದ, ಉಷ್ಣತೆ, ಪ್ರವಾಹಗಳ ವರ್ತಮಾನವನ್ನು ದಡಕ್ಕೆ ಹೊತ್ತು ತಂದಿತು. ಭೂಕಂಪ, ಸುನಾಮಿ, ಚಂಡಮಾರುತಗಳ ಪೆಟ್ಟು ತಿನ್ನುವ ನಮ್ಮ ಕಡಲುಗಳಲ್ಲೂ ನಿವೃತ್ತ ಕೇಬಲ್ಲುಗಳ ಯೋಗ್ಯ ಭಾಗಗಳನ್ನು ಹೀಗೆ ಬಳಸಲಾದೀತೇ ಎಂಬುದನ್ನು ಪರಿಶೀಲಿಸಬೇಕು. ಬಳಕೆಗೆ ಬಾರದುದನ್ನು ಎತ್ತಿಸಿ ಅದರ ತಾಮ್ರ, ಉಕ್ಕು, ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ ಉಪಯೋಗಿಸಬೇಕು. ಅದಕ್ಕೆ ಬೇಕಾದ ಹಣವನ್ನು ಕೇಬಲ್ಲು ಹಾಕುವ ದಿನವೇ ತೆಗೆದಿಡಿಸುವುದು ಉಚಿತ.

ಈ ವಿಷಯಗಳೆಲ್ಲ ದೊಡ್ಡವರಿಗೆ ಸೇರಿದುವು, ನಮ್ಮಂಥವರ ಮಾತನ್ನು ಯಾರು ಕೇಳುತ್ತಾರೆಂದು ಕೈಕಟ್ಟಿ ಕೂರುವುದು ಸರಿಯಲ್ಲ. ಪ್ರಾಧಿಕಾರವು ಯಾವುದೇ ಹೊಸ ನಿಯಮಕ್ಕೆ ಮೊದಲು ಸಾರ್ವಜನಿಕರ ಅಭಿಪ್ರಾಯವನ್ನು ಲಿಖಿತವಾಗಿ ಕೇಳುವ ಪದ್ಧತಿಯಿದೆ. ಆಗ ಬರೆಯುವವರು ಕಂಪನಿಗಳ ವಕೀಲರು ಮಾತ್ರವಾದರೆ ನಿಯಮವೂ ಅವರಿಗೆ ತಕ್ಕಂತೆಯೇ ಆದೀತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳ ಕನ್ನಡ ಸಂಘಗಳು ನಾಟಕ, ಸನ್ಮಾನಗಳ ನಡುವೆ ಒಂದು ಸಂಜೆಯನ್ನು ಇಂಥ ಚರ್ಚೆಗೂ ಮೀಸಲಿಟ್ಟು, ಒಂದು ಮನವಿಯನ್ನು ಸಿದ್ಧಪಡಿಸಿ ಕಳುಹಿಸಿದರೆ ಅದು ವ್ಯರ್ಥವಾಗದು. ಊರಿನ ಮಾತು ನಮ್ಮ ಕಿವಿಗೂ ನಮ್ಮ ಮಾತು ಊರಿನ ಕಿವಿಗೂ ತಲಪುವ ದಾರಿಯಲ್ಲಿ ನಮಗೂ ಒಂದು ಪಾಲು ಇರಬೇಕೆಂದು ಕೇಳುವ ಹಕ್ಕು ದುಡಿಯುವ ಪ್ರತಿಯೊಬ್ಬನಿಗೂ ಇದೆ. ನಮ್ಮ ಸಂಘಗಳು ಈ ವಿಷಯವನ್ನು ಕೈಗೆತ್ತಿಕೊಳ್ಳಲೆಂದು ಹಾರೈಸುತ್ತೇವೆ.